ಗಣಿತ ಪ್ರಶ್ನೋತ್ತರ: ವೈ = 0 ಎಲ್ಲಿ ತಪ್ಪಿಸಿಕೊಂಡಿತು?

ಪ್ರಶ್ನೆ: ಸರ್, ಡಿವೈ/ಡಿಎಕ್ಸ್ = (ವೈ² + ಎಕ್ಸ್·ವೈ)/ಎಕ್ಸ್² ಎಂಬ ಹೋಮೋಜೀನಿಯಸ್ ಸಮೀಕರಣದಲ್ಲಿ ವೈ = ವಿ·ಎಕ್ಸ್ ಹಾಕಿದೆ. ವೈ = −ಎಕ್ಸ್/(ಲಾಗ್|ಎಕ್ಸ್| + ಸಿ) ಬಂತು. ಪುಸ್ತಕದಲ್ಲಿ ‘ವೈ = 0’ ಕೂಡ ಉತ್ತರ ಅಂತಿದೆ. ಅದು ಹೇಗೆ? ಮತ್ತೆ, ವೈ = ವಿ·ಎಕ್ಸ್ ಅಂತಲೇ ಯಾಕೆ ಹಾಕಬೇಕು?
– ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕೇಳಿದ್ದು ಖುಷಿಯಾಯಿತು, ಜಾಸ್ತಿ ಜನ ಸುಮ್ನೆ ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ.

ನಿಮ್ಮ ಸಮೀಕರಣದ ಬಲಭಾಗಕ್ಕೆ (1, 2) ಬಿಂದುವನ್ನು ಹಾಕಿ. 6 ಬರುತ್ತದೆ. (3, 6) ಹಾಕಿ, 54/9, ಮತ್ತೆ 6. (10, 20) ಹಾಕಿದರೂ 6. ಮೂರೂ ಬಿಂದುಗಳು ವೈ = 2ಎಕ್ಸ್ ಗೆರೆಯ ಮೇಲಿವೆ, ಅಲ್ವಾ? ಅಂದರೆ ಇಲ್ಲಿ ಇಳಿಜಾರನ್ನು, ಅಂದರೆ ಡಿವೈ/ಡಿಎಕ್ಸ್ ಅನ್ನು, ತೀರ್ಮಾನಿಸುವುದು ಎಕ್ಸ್ ಬೇರೆ, ವೈ ಬೇರೆ ಅಲ್ಲ, ವೈ/ಎಕ್ಸ್ ಎಂಬ ಅನುಪಾತ ಮಾತ್ರ. ಇಂಥ ಸಮೀಕರಣವನ್ನೇ ಹೋಮೋಜೀನಿಯಸ್ ಅನ್ನುವುದು. ಆ ಅನುಪಾತಕ್ಕೆ ನಾವು ಇಟ್ಟ ಹೆಸರೇ ವಿ. ಮೇಲ್ಗಡೆ ಒಂದು ‘+1’ ಸೇರಿಸಿ ನೋಡಿ, ಮೂರು ಬಿಂದುಗಳಲ್ಲೂ ಬೇರೆ ಬೇರೆ ಬೆಲೆ ಬರುತ್ತದೆ. ಆಗ ಈ ದಾರಿ ನಡೆಯುವುದಿಲ್ಲ. ಲೈಬ್‌ನಿಟ್ಸ್ ಎಂಬ ಜರ್ಮನ್ ಗಣಿತಜ್ಞ 1691ರಲ್ಲೇ ಈ ಜಾತಿಯ ಸಮೀಕರಣಗಳನ್ನು ಬಿಡಿಸುವ ದಾರಿ ಕಂಡುಕೊಂಡಿದ್ದ.

ಈಗ ಲೆಕ್ಕ. ವಿ ಕೂಡ ಬದಲಾಗುತ್ತಿರುತ್ತದೆ, ಆದ್ದರಿಂದ ಡಿವೈ/ಡಿಎಕ್ಸ್ = ವಿ + ಎಕ್ಸ್·ಡಿವಿ/ಡಿಎಕ್ಸ್. ಬಲಭಾಗ ವಿ² + ವಿ. ಎರಡೂ ಕಡೆಯ ವಿ ಹೊಡೆದುಹೋಗಿ ಎಕ್ಸ್·ಡಿವಿ/ಡಿಎಕ್ಸ್ = ವಿ² ಉಳಿಯುತ್ತದೆ. ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು. ಎಕ್ಸ್ ಒಂದು ಕಡೆ, ವಿ ಇನ್ನೊಂದು ಕಡೆ ತಂದು ಇಂಟಿಗ್ರೇಟ್ ಮಾಡಿದರೆ ನಿಮ್ಮ ಉತ್ತರವೇ ಬರುತ್ತದೆ. ಅದು ಸರಿಯಾಗಿದೆ.

ಆದರೆ ಬೇರ್ಪಡಿಸುವಾಗ ನೀವು ವಿ²ದಿಂದ ಭಾಗಿಸಿದಿರಿ. ವಿ ಸೊನ್ನೆಯಾದರೆ ಹಾಗೆ ಭಾಗಿಸುವಂತಿಲ್ಲ. ವೈ = 0 ತಪ್ಪಿಸಿಕೊಂಡಿದ್ದು ಅಲ್ಲೇ. ಸಿ ಎಂಬ ಸ್ಥಿರಾಂಕಕ್ಕೆ ಯಾವ ಬೆಲೆ ಕೊಟ್ಟರೂ ಅದು ವಾಪಸ್ ಬರುವುದಿಲ್ಲ.

ಭಾಗಿಸುವ ಮೊದಲು ಒಂದು ಪರೀಕ್ಷೆ ಮಾಡಿ. ವೈ = ಕೆ·ಎಕ್ಸ್ ಗೆರೆಯ ಇಳಿಜಾರು ಕೆ. ಸಮೀಕರಣವೂ ಅಲ್ಲಿ ಕೆ ಎಂದೇ ಹೇಳಿದರೆ ಆ ಗೆರೆಯೇ ಒಂದು ಉತ್ತರ. ನಿಮ್ಮಲ್ಲಿ ಕೆ² + ಕೆ = ಕೆ, ಹಾಗಾಗಿ ಕೆ = 0.

ಇನ್ನೊಂದು ಮಾಡಿ ನೋಡಿ: ಡಿವೈ/ಡಿಎಕ್ಸ್ = (ವೈ² + 2ಎಕ್ಸ್·ವೈ)/ಎಕ್ಸ್². ಇಲ್ಲಿ ಕೆಗೆ 0 ಮತ್ತು −1 ಎರಡೂ ಬರುತ್ತವೆ. ಬಿಡಿಸಿದರೆ ವೈ = ಸಿ·ಎಕ್ಸ್²/(1 − ಸಿ·ಎಕ್ಸ್). ಸಿ = 0 ಹಾಕಿದರೆ ವೈ = 0 ಒಳಗೇ ಸಿಗುತ್ತದೆ, ವೈ = −ಎಕ್ಸ್ ಮಾತ್ರ ಬೇರೆಯಾಗಿ ಬರೆಯಬೇಕು.