ಕಲಿಸುವ 70 ನಿಮಿಷ ಯಾರ ಲೆಕ್ಕಕ್ಕೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

46ರ ಕಾಯಂ ಆಪರೇಟರ್. ಪೀಣ್ಯದ ಮಶೀನ್ ಶಾಪ್ ಒಂದರಲ್ಲಿ 19 ವರ್ಷದಿಂದ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಯಂತ್ರ) ನಡೆಸುತ್ತಿದ್ದಾರೆ. ನಮ್ಮ ಬಳಿ ಆಪ್ತಸಲಹೆಗೆ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಮಾತು ಶುರುವಾದದ್ದು ಕಾಂಟ್ರಾಕ್ಟ್ ಹುಡುಗರ ಮೇಲಿನ ಸಿಟ್ಟಿನಿಂದ. ಲೈನಿನ 14 ಜನರಲ್ಲಿ ಕಾಯಂ ಆದವರು ನಾಲ್ವರೇ. ಏಜೆನ್ಸಿ ಕಳಿಸುವ ಹುಡುಗರು ಏಳೆಂಟು ತಿಂಗಳಿಗೆ ಬದಲಾಗುತ್ತಾರೆ. ಪ್ರತಿ ಸಲ ಓನಾಮದಿಂದ ಕಲಿಸುವವರು ಇವರು.

ಒಂದು ಉದಾಹರಣೆ ಸಾಕು. ಶಾಫ್ಟಿನ ವ್ಯಾಸ 0.02 ಮಿ.ಮೀ. ಕಡಿಮೆ ಬಂದರೆ ವೇರ್ ಆಫ್‌ಸೆಟ್‌ಗೆ (ಅಳತೆ ಸರಿಪಡಿಸಲು ಮಶೀನಿಗೆ ಕೊಡುವ ತಿದ್ದುಪಡಿ ಅಂಕಿ) ಪ್ಲಸ್ ಕೊಡಬೇಕು. ಹೊಸಬ ಮೈನಸ್ ಒತ್ತಿದರೆ ಮುಂದಿನ ಪೀಸು 0.04 ಕಡಿಮೆ, ನೇರ ಸ್ಕ್ರ್ಯಾಪ್. ರಿಜೆಕ್ಷನ್ ಬರೆಯುವುದು ಶಿಫ್ಟಿನ ಹಿರಿಯನ ಹೆಸರಿಗೆ.

ಸಿಟ್ಟಿನ ಅಡಿಯಲ್ಲಿ ಇನ್ನೆರಡು ಸಂಗತಿ ಇದ್ದವು. "ಎಲ್ಲಾ ಹೇಳ್ಕೊಟ್ರೆ ನಾಳೆ ನಾನ್ಯಾಕೆ ಬೇಕು, ಸಾರ್?" ಎಂಬ ಭಯ ಒಂದು. ಅದೇ ಮಶೀನಿಗೆ ನಿಂತು ತನ್ನ ಅರ್ಧ ಸಂಬಳವೂ ಸಿಗದ ಹುಡುಗ "ಅಣ್ಣಾ" ಎಂದು ಡಬ್ಬಿ ಹಂಚಿಕೊಳ್ಳುವಾಗಿನ ಸಂಕೋಚ ಇನ್ನೊಂದು. ಕೆಲಸ ಭದ್ರವಾಗಿದೆ ಎಂದು ನಾವು ಧೈರ್ಯ ಹೇಳಲಿಲ್ಲ. ಅದು ನಮ್ಮ ಕೈಯಲ್ಲಿಲ್ಲದ ಮಾತು. ಸುಳ್ಳು ಸಮಾಧಾನ ಮುಂದಿನ ಬ್ಯಾಚು ಬಂದ ದಿನವೇ ಒಡೆಯುತ್ತದೆ.

ಮೊದಲ ಕೆಲಸ: ಎರಡು ವಾರ, ಕಲಿಸಲು ಹೋದ ನಿಮಿಷಗಳನ್ನು ಶಿಫ್ಟ್ ಪುಸ್ತಕದಲ್ಲೇ ಬರೆಯುವುದು. ಯಾರಿಗೆ, ಏನು, ಎಷ್ಟು ಹೊತ್ತು, ಅಷ್ಟೇ, ದೂರು ಬೇಡ. ಶಿಫ್ಟಿಗೆ ಸರಾಸರಿ 70 ನಿಮಿಷ ಬಂತು. ಮೂರೂವರೆ ನಿಮಿಷಕ್ಕೊಂದು ಪೀಸಿನಂತೆ ಅದು 20 ಪೀಸು. 120ರ ಟಾರ್ಗೆಟ್ ತಪ್ಪುತ್ತಿದ್ದುದು ಎಲ್ಲಿ ಎಂದು ಅವರಿಗೇ ಕಂಡಿತು. ಅಷ್ಟು ದಿನ ವಯಸ್ಸಾಯಿತು ಎಂದುಕೊಂಡಿದ್ದರು!

ಆ ಹಾಳೆ ಹಿಡಿದು ಸೂಪರ್‌ವೈಸರ್ ಬಳಿ ಮೂರೇ ಬೇಡಿಕೆ ಇಡಲು ಹೇಳಿದೆವು. ಹೊಸಬ ಬಂದ ಮೊದಲ ಎರಡು ವಾರ ಟಾರ್ಗೆಟ್ 100. ಆ ಅವಧಿಯ ರಿಜೆಕ್ಷನ್‌ಗೆ "ತರಬೇತಿ" ಎಂಬ ಬೇರೆ ಕಾಲಂ. ಆಫ್‌ಸೆಟ್ ಬದಲಿಸಿದ ಮೇಲಿನ ಮೊದಲ ಪೀಸಿಗೆ ಇವರ ಸಹಿ ಬೀಳದೆ ಮುಂದಿನ ಪೀಸಿಗೆ ಮಶೀನಿನ ಸ್ಟಾರ್ಟ್ ಬಟನ್ ಒತ್ತುವಂತಿಲ್ಲ. ಸಂಬಳದ ತಾರತಮ್ಯವನ್ನು ಒಬ್ಬರೇ ಎತ್ತಬಾರದು, ಅದು ಯೂನಿಯನ್ ಮೂಲಕವೇ ಹೋಗಲಿ ಎಂದೆವು. ಹುಡುಗರಲ್ಲಿ ಇಬ್ಬರು ಅಪ್ರೆಂಟಿಸ್‌ಗಳು ಎಂಬುದು ಆಮೇಲೆ ತಿಳಿಯಿತು. 1961ರ ಅಪ್ರೆಂಟಿಸ್ ಕಾಯ್ದೆಯಂತೆ, ಅಪ್ರೆಂಟಿಸ್‌ಶಿಪ್ ಸಲಹೆಗಾರರ ಅನುಮತಿ ಇಲ್ಲದೆ ಅವರನ್ನು ಓಟಿಗೆ (ಓವರ್‌ಟೈಮ್) ನಿಲ್ಲಿಸುವಂತಿಲ್ಲ. ಇವರು ಅವರನ್ನು ಓಟಿಗೆ ಇರಿಸಿಕೊಳ್ಳುವುದನ್ನು ನಿಲ್ಲಿಸಿದರು.

ನಿದ್ದೆಗೆ: ನೈಟ್ ಶಿಫ್ಟಿನಲ್ಲಿ ರಾತ್ರಿ ಎರಡು ಗಂಟೆಯ ಮೇಲೆ ಟೀ ಬೇಡ, ಮಲಗುವ ಕೋಣೆಗೆ ದಪ್ಪ ಪರದೆ. ಎರಡು ವಾರದಲ್ಲಿ ಸುಧಾರಿಸದಿದ್ದರೆ ವೈದ್ಯರು. ನಡುರಾತ್ರಿ ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಆರು ವಾರಕ್ಕೆ ಮತ್ತೆ ಬಂದರು. ಬೇರೆ ಕಾಲಂ ಬಂದಿದೆ. ಟಾರ್ಗೆಟ್ ಇಳಿಕೆ ಒಂದೇ ವಾರಕ್ಕೆ ಸಿಕ್ಕಿದೆ. ನಿದ್ದೆ ಐದೂವರೆ ಗಂಟೆ. ಕೆಲಸ ಹೋಗುವ ಭಯ ಇನ್ನೂ ಇದೆ. ಮುಂದಿನ ಸಲ ಮನೆ ಸಾಲದ ಕಾಗದಗಳೊಂದಿಗೆ ಹೆಂಡತಿಯನ್ನೂ ಕರೆತರಲು ಹೇಳಿದ್ದೇವೆ.