ರೂಮ್‌ಮೇಟ್ ವಾಸನೆ: ಮೈಗಿಂತ ಮೊದಲು ಬಟ್ಟೆ ನೋಡು

ತಮ್ಮಾ, ಜರ್ಮನಿಗೆ ಬಂದು ಎರಡು ತಿಂಗಳಾಯ್ತು, ರೂಮ್‌ಮೇಟ್ ನಮ್ಮ ಕಡೆ ಹುಡುಗನೇ, ದಿನಾ ಸ್ನಾನ ಮಾಡಿದರೂ ಪಕ್ಕದಲ್ಲಿ ಕೂರೋಕಾಗಲ್ಲ, ಹೇಳಿದರೆ ನೊಂದುಕೊಳ್ತಾನೇನೋ ಅಂತ ಕೇಳಿದ್ದೀಯ. ಹೇಳಲೇಬೇಕು. ಕ್ಲಾಸಿನಲ್ಲಿ, ಪಾರ್ಟ್‌ಟೈಮ್ ಕೆಲಸದಲ್ಲಿ ಬೇರೆಯವರು ಬಾಯಿಬಿಟ್ಟು ಹೇಳಲ್ಲ, ಸುಮ್ಮನೆ ದೂರ ಕೂರ್ತಾರೆ. ಪಾಪ, ಅವನಿಗೆ ಕಾರಣವೇ ಗೊತ್ತಾಗಲ್ಲ.

ದಿನಾ ಮಿಂದೂ ನಾತ ಹೋಗದಿದ್ದರೆ ಅದು ಬಹುಪಾಲು ಬಟ್ಟೆಯಲ್ಲೇ ಕೂತಿರುತ್ತೆ. ಕಂಕುಳ ಬೆವರನ್ನು ಬ್ಯಾಕ್ಟೀರಿಯಾ ತಿಂದು ವಾಸನೆ ಹುಟ್ಟಿಸುತ್ತವೆ. ಪಾಲಿಯೆಸ್ಟರ್ ಟೀಶರ್ಟ್ ಅದನ್ನು ಹತ್ತಿಗಿಂತ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತೆ. 30 ಡಿಗ್ರಿಯಲ್ಲಿ ಲಿಕ್ವಿಡ್ ಹಾಕಿ ಒಗೆದರೆ ಪೂರ್ತಿ ಹೋಗಲ್ಲ. ಒಗೆದು ಒಣಗಿದ ಟೀಶರ್ಟಿನ ಕಂಕುಳ ಭಾಗಕ್ಕೆ ಇಸ್ತ್ರಿ ಹಾಯಿಸಿ ನೋಡು: ಬಿಸಿ ತಾಗಿದ ಕೂಡಲೇ ಕಮಟು ಎದ್ದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ.

ಅಂಗಡಿಯಲ್ಲಿ 'ಫೋಲ್‌ವಾಶ್‌ಮಿಟ್ಟೆಲ್' (Vollwaschmittel) ಅಂತ ಬರೆದ ಪುಡಿಯನ್ನೇ ತನ್ನಿ, ಅದರಲ್ಲಿ ಬ್ಯಾಕ್ಟೀರಿಯಾ ಕೊಲ್ಲೋ ಬ್ಲೀಚ್ ಇರುತ್ತೆ. ಲಿಕ್ವಿಡ್‌ನಲ್ಲಿ, ಬಣ್ಣದ ಬಟ್ಟೆಯ 'ಕಲರ್' ಪುಡಿಯಲ್ಲಿ ಬ್ಲೀಚ್ ಇರಲ್ಲ. ಒಳಉಡುಪು, ಟವೆಲ್, ಬೆಡ್‌ಶೀಟ್ 60 ಡಿಗ್ರಿಗೆ. ಗಾಢ ಬಣ್ಣದ್ದು ಮಾಸುತ್ತೆ, ಬೇರೆ ಹಾಕಿ. ಪುಡಿ ಎಷ್ಟು ಅನ್ನೋದು ಪೊಟ್ಟಣದ ಮೇಲೆ ನೀರಿನ ಗಡಸುತನದ ಪ್ರಕಾರ ಇರುತ್ತೆ. ಹಾಸ್ಟೆಲ್ ಮಷಿನ್‌ಗೆ ಪ್ರತಿ ಸಲ ದುಡ್ಡು ಕೊಡಬೇಕಲ್ಲ, ಅದಕ್ಕೇ ಹೊಸಬರು ಎರಡು ವಾರದ ಬಟ್ಟೆ ಒಟ್ಟಿಗೆ ತುರುಕೋದು. ಆಗ ನೀರು ಆಡಲ್ಲ, ಕೊಳೆ ಬಿಡಲ್ಲ. ಬಟ್ಟೆಯ ಮೇಲೆ ಒಂದು ಅಂಗೈ ಜಾಗ ಬಿಡಿ. ಮುಗಿದ ಕೂಡಲೇ ತೆಗೆಯಿರಿ, ರಾತ್ರಿಯಿಡೀ ಒದ್ದೆ ಬಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತೆ. ರೂಮಲ್ಲೇ ಒಣಗಿಸುವಾಗ ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆರೆದು, ದಿನಕ್ಕೆ ಮೂರು ಸಲ 5 ನಿಮಿಷ ಗಾಳಿ ಆಡಿಸಿ.

ಚಳಿಗಾಲದ ಜಾಕೆಟ್ಟೂ ನೋಡಿ. ಬಾಗಿಲ ಮೊಳೆಗೆ ನೇತುಹಾಕಿ ಪಕ್ಕದಲ್ಲೇ ಇಂಗಿನ ಒಗ್ಗರಣೆ ಹಾಕಿದರೆ ಅದು ಪೂರ್ತಿ ಹೀರಿಕೊಳ್ಳುತ್ತೆ, ನಿನ್ನದೂ ಅಷ್ಟೇ. ನಮ್ಮ ಮೂಗಿಗೆ ಅಭ್ಯಾಸ ಆಗಿಬಿಟ್ಟಿರುತ್ತೆ. ಅಡುಗೆ ಹೊತ್ತಲ್ಲಿ ಜಾಕೆಟ್ ಬೀರುವಿನೊಳಗಿರಲಿ.

ಡಿಯೋ ವಾಸನೆ ಕಡಿಮೆ ಮಾಡುತ್ತೆ ಅಷ್ಟೇ, ಬೆವರು ತಡೆಯಲ್ಲ. ಬೆವರು ತಡೆಯೋದು 'ಆಂಟಿಟ್ರಾನ್ಸ್‌ಪಿರಂಟ್', ಅದನ್ನು ರಾತ್ರಿ ಒಣಗಿದ ಕಂಕುಳಿಗೆ ಹಚ್ಚಬೇಕು. ಒಂದೇ ಶೂ ದಿನಾ ಬೇಡ, ಒಂದು ದಿನ ಒಣಗಲಿ.

ಹೇಳೋದು ಅವನೊಬ್ಬನೇ ಇದ್ದಾಗ, ಕ್ಲಾಸಿಗೆ ಹೊರಡೋ ಹೊತ್ತಲ್ಲಿ ಅಲ್ಲ, ಸಂಜೆ. "ಮಗಾ, ನಿನ್ ಬಟ್ಟೇಲಿ ಬೆವರಿನ ವಾಸನೆ ಉಳ್ಕೊಂಡಿದೆ. ಶನಿವಾರ ಇಬ್ಬರದ್ದೂ 60ಕ್ಕೆ ಹಾಕೋಣ, ಪುಡಿ ನಾನು ತರ್ತೀನಿ." ಅಷ್ಟು ಸಾಕು. "ಎಲ್ಲರೂ ಮಾತಾಡ್ಕೊಳ್ತಿದ್ದಾರೆ" ಅನ್ನಬೇಡ, ಅದೇ ಮನಸ್ಸಿಗೆ ನಾಟೋದು.

ಆದರೆ ಅವನು ಸ್ನಾನವನ್ನೇ ಬಿಟ್ಟು, ಊಟ ಬಿಟ್ಟು, ನವೆಂಬರ್ ಕತ್ತಲಲ್ಲಿ ಹಾಸಿಗೆ ಬಿಟ್ಟು ಏಳದಿದ್ದರೆ ವಾಸನೆಯ ಮಾತೇ ಎತ್ತಬೇಡ. ಪಕ್ಕ ಕೂತು ಹೇಗಿದ್ದೀಯ ಅಂತ ಕೇಳು, ಯೂನಿವರ್ಸಿಟಿಯ ಕೌನ್ಸೆಲಿಂಗ್‌ಗೆ ನೀನೇ ಜೊತೆಗೆ ಹೋಗು.