ಒಗ್ಗರಣೆಯನ್ನು ಬೈಯುವ ಮೊದಲು ಗಡಿಯಾರ ನೋಡಿ

ಪತ್ರ: ನಿಮ್ಮ ಅಡುಗೆ ಪುಟದಲ್ಲಿ ಪ್ರತಿ ಸಲವೂ ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಒಗ್ಗರಣೆ. ಓದುಗರ ಹೊಟ್ಟೆಯ ಬಗ್ಗೆ ಯೋಚನೆಯೇ ಇಲ್ವಾ? ನನಗೆ ಎರಡು ವರ್ಷದಿಂದ ಗ್ಯಾಸ್ಟ್ರಿಕ್. ಖಾರ, ಹುಳಿ ಪೂರ್ತಿ ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದು, ಹೊಟ್ಟೆಯ ಆಸಿಡ್ ತಗ್ಗಿಸುವ ಒಂದು ಪ್ಯಾಂಟೊಪ್ರಜೋಲ್ ಮಾತ್ರೆ ನುಂಗಿದರೆ ದಿನ ಹೇಗೋ ಕಳೆಯುತ್ತದೆ. ಮೆಡಿಕಲ್ ಶಾಪಿನವರೇ ಕೊಡುತ್ತಾರೆ. ಮಗ, ಸೊಸೆ ಆಫೀಸಿನಿಂದ ಬಂದ ಮೇಲೆ ರಾತ್ರಿ ಹತ್ತೂವರೆಗೆ ಎಲ್ಲರೂ ಒಟ್ಟಿಗೆ ಸಪ್ಪೆ ಊಟ ಮಾಡುತ್ತೇವೆ. ಆದರೂ ಮಲಗಿದರೆ ಎದೆ ಉರಿ. ದಯವಿಟ್ಟು ಖಾರದ ಅಡುಗೆ ನಿಲ್ಲಿಸಿ, ಹೊಟ್ಟೆಗೆ ಹಿತವಾದದ್ದನ್ನು ಹಾಕಿ.
ನಿವೃತ್ತ ಬ್ಯಾಂಕ್ ಉದ್ಯೋಗಿ, ಬಸವೇಶ್ವರನಗರ, ಬೆಂಗಳೂರು

ಸಂಪಾದಕರ ಉತ್ತರ:

ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ ರಾಯರೇ. ಕೆಲವರಿಗೆ ಖಾರ ಆಗಿಬರುವುದಿಲ್ಲ. ಮೊದಲೇ ಉರಿಯುತ್ತಿರುವ ಕಡೆ ಮೆಣಸಿನಕಾಯಿ ತಾಗಿದರೆ ಉರಿ ಜಾಸ್ತಿಯಾಗುತ್ತದೆ. ಅಂಥವರು ಬಿಡಲಿ. ಆದರೆ ನೀವು ಖಾರ ಬಿಟ್ಟು ಇಷ್ಟು ಕಾಲವಾಯಿತು, ಉರಿ ನಿಮ್ಮನ್ನು ಬಿಟ್ಟಿಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ಸುಮ್ನೆ ಕಟಕಟೆಗೆ ಹತ್ತಿಸಿದ್ದೀರಿ. ನಿಜವಾದ ಕಾರಣ ನಿಮ್ಮ ಪತ್ರದಲ್ಲೇ ಇದೆ: ಹತ್ತೂವರೆ ಗಂಟೆ.

ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಮಾಂಸಖಂಡದ ಒಂದು ಉಂಗುರ ಇದೆ. ತುತ್ತು ಬಂದಾಗ ಸಡಿಲವಾಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಒಳಗಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಹೊಟ್ಟೆಯ ಒಳಗೋಡೆಗೆ ಲೋಳೆಯ ಪದರ ಇರುವುದರಿಂದ ಅದು ತಡೆದುಕೊಳ್ಳುತ್ತದೆ. ಅನ್ನನಾಳಕ್ಕೆ ಅಷ್ಟು ತಾಳಿಕೆ ಇಲ್ಲ. ಹೊಟ್ಟೆ ತುಂಬ ಉಂಡದ್ದು ಕರುಳಿಗೆ ಇಳಿಯಲು ಮೂರು ನಾಲ್ಕು ಗಂಟೆ ಬೇಕು. ಹತ್ತೂವರೆಗೆ ಉಂಡು ಹನ್ನೊಂದಕ್ಕೆ ದಿಂಬಿಗೆ ತಲೆ ಕೊಟ್ಟರೆ, ಆಸಿಡ್ ನೇರವಾಗಿ ಆ ಉಂಗುರದ ಹತ್ತಿರ ಬಂದು ನಿಲ್ಲುತ್ತದೆ. ಉಂಗುರ ಸ್ವಲ್ಪ ಸಡಿಲಾದರೂ ಎದೆ ಉರಿ, ಹುಳಿತೇಗು. ಉಂಡದ್ದು ಸಪ್ಪೆಯೋ ಖಾರವೋ ಅನ್ನುವುದು ಆಮೇಲಿನ ಮಾತು.

ಎಂಟಕ್ಕೆ ಊಟ ಮುಗಿಸಿ ನೋಡಿ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ ಇರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರಿಂಚು ಎತ್ತರದ ಮರದ ತುಂಡು ಇಡಿ. ಎರಡು ಮೂರು ದಿಂಬು ಪೇರಿಸಿದರೆ ಪ್ರಯೋಜನವಿಲ್ಲ, ಸೊಂಟ ಬಾಗಿ ಹೊಟ್ಟೆ ಇನ್ನಷ್ಟು ಅಮುಕುತ್ತದೆ. ಎಡ ಮಗ್ಗುಲಿಗೆ ಮಲಗಿ. ಮಗ, ಸೊಸೆ ಬಂದಾಗ ಪಕ್ಕದಲ್ಲಿ ಕೂತು ಮಾತಾಡಿ, ಬಡಿಸಿ. ನೀವು ಅಷ್ಟು ಹೊತ್ತು ಅವರಿಗಾಗಿ ಕಾಯುತ್ತೀರಲ್ಲ, ಆ ಪ್ರೀತಿ ನನಗೆ ತುಂಬಾ ಇಷ್ಟವಾಯಿತು. ಆದರೆ ಅವರ ಊಟ ಅಷ್ಟು ಹೊತ್ತಾಗುತ್ತಿರುವುದೇ ನನ್ನ ದೊಡ್ಡ ಸಂಕಟ.

ಈ ಊರಿನಲ್ಲಿ ಊಟಕ್ಕೊಂದು ಹೊತ್ತು ಅಂತ ಇತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಶಿಫ್ಟಿನ ಪ್ರಕಾರ ಮನೆಮನೆಯ ಒಲೆ ಉರಿಯುತ್ತಿತ್ತು. ಐದು ಗಂಟೆ ಕೆಲಸದೊಳಗೆ ಅರ್ಧ ಗಂಟೆ ಬಿಡುವು ಕೊಡಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. 250ಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಕ್ಯಾಂಟೀನ್ ಇರಬೇಕೆಂಬ ಮಾತಿಗೂ ಅದರಲ್ಲಿ ಜಾಗವಿತ್ತು. ಕೆಲಸಗಾರನ ಹೊಟ್ಟೆಗೆ ಕಾನೂನು ಮರ್ಯಾದೆ ಕೊಟ್ಟಿತ್ತು. ಈಗ ನೋಡಿ. ಒಂದು ಗಂಟೆಗೆ ಸರಿಯಾಗಿ ಮೀಟಿಂಗ್ ಇಡುತ್ತಾರೆ. ಹುಡುಗರು ಮೂರಕ್ಕೆ ಕೀಬೋರ್ಡಿನ ಪಕ್ಕದಲ್ಲಿ ಡಬ್ಬಿ ಬಿಚ್ಚುತ್ತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವರು ಹಸಿವು ತಡೆಯಲಾರದೆ ಚಿಪ್ಸ್ ಪ್ಯಾಕೆಟ್ ಹರಿಯುತ್ತಾರೆ. ಊರಿಗೆಲ್ಲ ಬಿಸಿ ಊಟ ತಲುಪಿಸುವ ಡೆಲಿವರಿ ಹುಡುಗ ಮಾತ್ರ ಸಂಜೆ ನಾಲ್ಕಕ್ಕೆ ಗಾಡಿಗೆ ಒರಗಿ ನಿಂತು ಬನ್ನು, ಟೀ ಮುಗಿಸುತ್ತಾನೆ. ಆಮೇಲೆ ಎಲ್ಲರಿಗೂ ಸೇರಿಸಿ ಒಂದೇ ಔಷಧಿ, ಮಾತ್ರೆಯ ಶೀಟು.

ಮಾತ್ರೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬೇಕಾದವರಿಗೆ ಅದು ಬೇಕೇ ಬೇಕು. ಹೃದಯದ ತೊಂದರೆಗೆ ಆಸ್ಪಿರಿನ್ ತೆಗೆದುಕೊಳ್ಳುವ ಎಷ್ಟೋ ಹಿರಿಯರಿಗೆ ಹೊಟ್ಟೆಯಲ್ಲಿ ರಕ್ತ ಒಸರದ ಹಾಗೆ ಡಾಕ್ಟರೇ ಬರೆದುಕೊಡುತ್ತಾರೆ. ಅಂಥವರು ನನ್ನ ಮಾತು ಕೇಳಿ ನಿಲ್ಲಿಸಬಾರದು. ಆದರೆ ಬರಿಯ ಎದೆ ಉರಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕೊಟ್ಟು ಮತ್ತೆ ನೋಡುವ ಔಷಧಿ ಇದು. ವರ್ಷಗಟ್ಟಲೆ ನುಂಗಿದರೆ ದೇಹ ವಿಟಮಿನ್ ಬಿ12 ಹೀರಿಕೊಳ್ಳುವುದು ಕಡಿಮೆಯಾಗಬಹುದು. ಶುದ್ಧ ಸಸ್ಯಾಹಾರಿಗಳಾದರೆ ಬಿ12 ಮೊದಲೇ ಕಮ್ಮಿ ಇರುತ್ತದೆ. ಆಹಾರದ ಜೊತೆ ಬರುವ ರೋಗಾಣುಗಳನ್ನು ಕೊಲ್ಲುವುದೂ ಆ ಆಸಿಡ್ಡೇ. ಅದನ್ನು ದಿನಾ ತಗ್ಗಿಸಿದರೆ ಕರುಳಿನ ಸೋಂಕಿಗೆ ದಾರಿ. ಹಾಗಂತ ನಾಳೆಯೇ ಥಟ್ಟನೆ ನಿಲ್ಲಿಸಬೇಡಿ. ಕೆಲವರಿಗೆ ಆಸಿಡ್ ಉಕ್ಕಿ ಬಂದು ಉರಿ ಮೊದಲಿಗಿಂತ ಹೆಚ್ಚಾಗುತ್ತದೆ. ನಿಧಾನವಾಗಿ ಇಳಿಸುವುದು ಹೇಗೆಂದು ಡಾಕ್ಟರನ್ನು ಕೇಳಿ.

ಡಾಕ್ಟರ್ ಹತ್ತಿರ ಹೋಗದೆ ಇರುವುದೇ ನಿಮ್ಮ ಪತ್ರದಲ್ಲಿ ನನಗೆ ಕೋಪ ತರಿಸಿದ ವಿಷಯ. ನಮ್ಮ ಪತ್ರಿಕೆಯಲ್ಲಿ ಹಿಂದೆ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರಿದ್ದರು. ಮಂಡಿ ನೋವಿಗೆ ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ, ಅದರಿಂದ ಹೊಟ್ಟೆ ಉರಿದರೆ ಮೆಡಿಕಲ್ ಶಾಪಿನ ಇನ್ನೊಂದು ಮಾತ್ರೆ. ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗತೊಡಗಿತು. ರಾಗಿಮುದ್ದೆಯ ಬಣ್ಣ ಅಂದುಕೊಂಡು ಸುಮ್ಮನಿದ್ದರು. ಒಂದು ಮಧ್ಯಾಹ್ನ ಪುಟ ನೋಡುತ್ತಾ ಕೂತವರು ಹಾಗೇ ಮೇಜಿನ ಮೇಲೆ ಒರಗಿದರು. ಮುಖ ಬಿಳಿಚಿಕೊಂಡಿತ್ತು, ಅಂಗೈ ತಣ್ಣಗಿತ್ತು. ಆಸ್ಪತ್ರೆಯಲ್ಲಿ ಕ್ಯಾಮೆರಾ ಇಳಿಸಿ ನೋಡಿದಾಗ ಹೊಟ್ಟೆಯಲ್ಲಿ ಹುಣ್ಣು, ಅದರಿಂದ ರಕ್ತ. ನೋವಿನ ಮಾತ್ರೆಗಳು ಹೊಟ್ಟೆಯ ಆ ಲೋಳೆಯ ಕಾವಲನ್ನೇ ಕಿತ್ತುಹಾಕುತ್ತವೆ. ಪುಣ್ಯಕ್ಕೆ ಉಳಿದುಕೊಂಡರು. ಆ ಮನುಷ್ಯ ಜೀವನದಲ್ಲಿ ಖಾರ ತಿಂದವರೇ ಅಲ್ಲ.

ಹುಣ್ಣಿನ ಇನ್ನೊಂದು ಕಾರಣದ ಕಥೆಯನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ, ನಿಮಗೂ ಹೇಳುತ್ತೇನೆ. ಹಿಂದೆ ಜಗತ್ತಿನ ಡಾಕ್ಟರುಗಳೂ ನಿಮ್ಮ ಹಾಗೇ ಖಾರವನ್ನೂ ಚಿಂತೆಯನ್ನೂ ದೂರುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ಇಬ್ಬರು ಹೊಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಅಷ್ಟು ಆಸಿಡ್‌ನಲ್ಲಿ ರೋಗಾಣು ಬದುಕುವುದುಂಟೇ ಅಂತ ಯಾರೂ ನಂಬಲಿಲ್ಲ. ಅದನ್ನು ಬೆಳೆಸುವ ಪ್ರಯತ್ನಗಳೂ ಸೋತವು. 1982ರ ಈಸ್ಟರ್ ರಜೆಯಲ್ಲಿ ಪ್ರಯೋಗದ ತಟ್ಟೆಗಳು ಮಾಮೂಲಿಗಿಂತ ಜಾಸ್ತಿ ದಿನ ಒಳಗೇ ಉಳಿದವು. ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು! 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನದಲ್ಲಿ ವಾಂತಿ ಶುರುವಾಯಿತು, ಹೊಟ್ಟೆಯ ಒಳಗೋಡೆ ಊದಿಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ನಮ್ಮ ದೇಶದಲ್ಲಿ ತುಂಬಾ ಜನರ ಹೊಟ್ಟೆಯಲ್ಲಿದೆ, ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲೇ ಸೇರಿಕೊಳ್ಳುತ್ತದೆ. ಎಲ್ಲರಿಗೂ ಹುಣ್ಣಾಗುವುದಿಲ್ಲ. ಆದವರಿಗೆ ಸಾಮಾನ್ಯವಾಗಿ ಎರಡು ವಾರದ ಆ್ಯಂಟಿಬಯೋಟಿಕ್ ಚಿಕಿತ್ಸೆ ಇದೆ. ಉಸಿರಿನಿಂದ, ಮಲದಿಂದ, ಎಂಡೋಸ್ಕೋಪಿಯಿಂದ ಪತ್ತೆ ಮಾಡಬಹುದು. ನೀವು ದಿನಾ ನುಂಗುವ ಮಾತ್ರೆ ಈ ಪರೀಕ್ಷೆಯ ಕಣ್ಣಿಗೂ ಮಣ್ಣೆರಚಬಲ್ಲದು. ಅದಕ್ಕೇ ಪರೀಕ್ಷೆಗೆ ಎರಡು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ. ಮಾತ್ರೆಯ ವಿಷಯ ಡಾಕ್ಟರಿಗೆ ಮುಚ್ಚಿಡಬೇಡಿ.

ಕಪ್ಪು ಮಲ, ರಕ್ತ ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ರಕ್ತಹೀನತೆ, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಬೇಡ. ಮತ್ತೆ, ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಬಿಗಿದರೆ, ಬೆವರು ಬಂದರೆ, ನೋವು ದವಡೆಗೋ ಎಡಗೈಗೋ ಇಳಿದರೆ ಸೋಡಾ ಕುಡಿದು ತೇಗಿಗಾಗಿ ಕಾಯುತ್ತಾ ಕೂರಬೇಡಿ. ಗ್ಯಾಸ್ ಅಂತ ಕೂತು ಹೃದಯಾಘಾತಕ್ಕೆ ಬಲಿಯಾದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಹೊಟ್ಟೆಗೆ ಹಿತವಾದದ್ದು ಹಾಕಿ ಅಂದಿರಿ. ರಾಗಿಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ದೊಡ್ಡಪತ್ರೆ ತಂಬುಳಿ, ಇಂಗು ಜೀರಿಗೆ ಹಾಕಿದ ನೀರು ಮಜ್ಜಿಗೆ, ಇವೆಲ್ಲ ಅದೇ ಪುಟದಲ್ಲಿ ಬಂದಿವೆ. ನಮ್ಮ ಅಜ್ಜಿಯರ ಅಡುಗೆಯಲ್ಲಿ ನಾರೂ ಇತ್ತು, ಹುಳಿ ಬಂದ ಮೊಸರೂ ಇತ್ತು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನರಿಗೆ ಮೊಸರು ಒಗ್ಗುತ್ತದೆ, ಹಾಲಿನ ಸಕ್ಕರೆಯನ್ನು ಅದರ ಬ್ಯಾಕ್ಟೀರಿಯಾಗಳೇ ಸ್ವಲ್ಪ ತಿಂದು ಮುಗಿಸಿರುತ್ತವೆ. ಅಡುಗೆ ಪುಟ ಹೀಗೇ ಮುಂದುವರಿಯುತ್ತದೆ, ಒಗ್ಗರಣೆ ಸಮೇತ.

ನಿಮ್ಮ ಪತ್ರದ ಒಂದು ಸಾಲನ್ನು ನಾನು ಮೇಲೆ ಅಚ್ಚು ಹಾಕಿಲ್ಲ. ಆರನೇ ಕ್ಲಾಸಿನ ಮೊಮ್ಮಗಳಿಗೂ ಗ್ಯಾಸ್ಟ್ರಿಕ್ ಶುರುವಾಗಿದೆ, ಹೊಕ್ಕುಳ ಸುತ್ತ ನೋವು ಅಂತಾಳೆ, ನನ್ನದೇ ಮಾತ್ರೆ ಅರ್ಧ ಕೊಡಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ! ಮೇಲ್ಪದರ ಇರುವ ಆ ಮಾತ್ರೆಯನ್ನು ಮುರಿಯಲೇಬಾರದು, ಮಗುವಿಗೆ ಕೊಡುವುದಂತೂ ದೂರದ ಮಾತು. ಮಕ್ಕಳ ಡಾಕ್ಟರಿಗೆ ತೋರಿಸಿ. ಅದಕ್ಕೆ ಮೊದಲು ಸಂಜೆ ಅವಳ ಸ್ಕೂಲ್ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ನೋಡಿ. ಬೆಳಿಗ್ಗೆ ತುಂಬಿಸಿದ ನೀರು ಹಾಗೇ ಇದೆಯಾ? ಈ ಊರಿನ ಎಷ್ಟೋ ಹೆಣ್ಣುಮಕ್ಕಳ ಬಾಟಲಿ ಹಾಗೇ ವಾಪಸ್ ಬರುತ್ತದೆ. ನೀರು ಕುಡಿದರೆ ಶಾಲೆಯ ಶೌಚಾಲಯಕ್ಕೆ ಹೋಗಬೇಕಲ್ಲ, ಆ ಭಯ. ಬೆಳಿಗ್ಗೆ ವ್ಯಾನ್ ಬರುವ ಅವಸರಕ್ಕೆ ಮನೆಯಲ್ಲೂ ಹೋಗಿರುವುದಿಲ್ಲ. ತಡೆದ ಮಲದಿಂದ ಕರುಳು ನೀರು ಹೀರುತ್ತಲೇ ಇರುತ್ತದೆ. ಅದು ಗಟ್ಟಿಯಾಗುತ್ತದೆ, ಹೋಗುವಾಗ ನೋಯುತ್ತದೆ. ನೋವಿಗೆ ಹೆದರಿ ಮಗು ಇನ್ನಷ್ಟು ತಡೆಯುತ್ತದೆ. ಮಕ್ಕಳ ಹೊಟ್ಟೆನೋವಿಗೆ ಮಲಬದ್ಧತೆ ತೀರಾ ಸಾಮಾನ್ಯ ಕಾರಣ.

ಫೀಸು ಲಕ್ಷಗಟ್ಟಲೆ ಇರುತ್ತದೆ, ಸ್ಮಾರ್ಟ್ ಬೋರ್ಡ್ ಇರುತ್ತದೆ, ಶೌಚಾಲಯದ ಬಾಗಿಲಿಗೆ ಚಿಲಕ ಇರುವುದಿಲ್ಲ. ಪಾಠದ ನಡುವೆ ಕೈ ಎತ್ತಿದ ಮಗುವಿಗೆ ಇಂಟರ್‌ವಲ್ ತನಕ ತಡ್ಕೋ ಅನ್ನುತ್ತಾರೆ. ಪೋಷಕರ ಸಭೆಯಲ್ಲಿ ನಾವು ಅಂಕಗಳ ಬಗ್ಗೆ ಮಾತ್ರ ಕೇಳಿ ಎದ್ದು ಬರುತ್ತೇವೆ. ಮುಂದಿನ ಸಭೆಗೆ ಹೋದಾಗ ಹೆಣ್ಣುಮಕ್ಕಳ ಶೌಚಾಲಯದೊಳಗೆ ಕಾಲಿಟ್ಟು ನಲ್ಲಿ, ಚಿಲಕ, ಸೋಪು ನೋಡಿಕೊಂಡು ಬರಲು ನಿಮ್ಮ ಸೊಸೆಗೆ ಹೇಳಿ. ಇಲ್ಲದಿದ್ದರೆ ಶಾಲೆಗೆ ನನಗೆ ಬರೆದಷ್ಟೇ ಖಾರವಾಗಿ ಒಂದು ಪತ್ರ ಬರೆಯಿರಿ. ನಕಲು ನನಗೂ ಕಳಿಸಿ, ಅಚ್ಚು ಹಾಕುತ್ತೇನೆ.